ಪೆಟ್ಟಿಗೆಗಳ ನಡುವೆ ಗೇಣು ಬಿಡಿಸುತ್ತಿದ್ದವರು

ರಾಯರು ತೀರಿಕೊಂಡ ಸುದ್ದಿ ಕಳೆದ ತಿಂಗಳು ಗದಗಿನಿಂದ ಬಂದ ನೆಂಟರೊಬ್ಬರ ಬಾಯಿಂದ ಗೊತ್ತಾಯಿತು. ಊಟದ ನಡುವೆ ಬೇರೆ ಏನೋ ಹೇಳುತ್ತಿದ್ದವರು, "ನಿಮ್ಮ ಪಾರ್ಸಲ್ ಆಫೀಸಿನಾಗ ಮೊದಲ ಇದ್ದರಲ್ರಿ, ಆ ರಾಯರು ಹೋದರು ನೋಡ್ರಿ. ಭಾಳ ವಯಸ್ಸಾಗಿತ್ತು" ಎಂದರು. ಅನ್ನ ಕಲಸುತ್ತಿದ್ದ ನನ್ನ ಕೈ ನಿಲ್ಲಲಿಲ್ಲ. ಇನ್ನು ಗೊತ್ತಿದ್ದವರು ಯಾರೂ ಉಳಿಯಲಿಲ್ಲ ಎಂದು ಮೊದಲು ಅನಿಸಿತು. ಎದೆ ಹಗುರಾಯಿತು. ಕೈ ತೊಳೆದು ಎದ್ದ ಮೇಲೆ ಅಂಜಿಕೆ ಶುರುವಾಯಿತು. ಅವರು ಇದ್ದಷ್ಟು ದಿನ, ಎಂದಾದರೂ ಹೋಗಿ ಹೇಳಿಬಿಡಬಹುದು ಎಂದು ಮುಂದೂಡುತ್ತ ಬಂದಿದ್ದೆ. ಈಗ ಕೇಳಬೇಕಾದ ಮನುಷ್ಯ ಇಲ್ಲ. ಹೇಳಬೇಕಾದ ಮಾತು ಹಾಗೆಯೇ ನನ್ನ ಹತ್ತಿರ ಉಳಿದಿದೆ.

ಅವರ ಹೆಸರನ್ನು ಬರೆಯುವುದಿಲ್ಲ. ಬರೆದರೆ ಅವರಿಗೆ ಸೇರುತ್ತಿರಲಿಲ್ಲ. ತಮ್ಮ ಹೆಸರು ಎಲ್ಲಿ ಕಂಡರೂ ಹೆದರುವ ಮನುಷ್ಯ ಅವರು. ಹಾಜರಿ ಪುಸ್ತಕದಲ್ಲಿಯೂ ಇರುವೆ ಹರಿದಂತೆ ಸಣ್ಣಗೆ ಸಹಿ ಮಾಡುತ್ತಿದ್ದರು. ನಾವೆಲ್ಲ ಅವರನ್ನು ರಾಯರು ಎನ್ನುತ್ತಿದ್ದೆವು. ಇಲ್ಲಿಯೂ ಅಷ್ಟೇ ಸಾಕು.

ಧಾರವಾಡದಲ್ಲಿ ಮ್ಯಾಟ್ರಿಕ್ ಮುಗಿಸಿ ನಾನು ಪುಣೆ ಸ್ಟೇಷನ್ನಿನ ಪಾರ್ಸಲ್ ಆಫೀಸು ಸೇರಿದಾಗ ನನಗೆ ಇಪ್ಪತ್ತೂ ತುಂಬಿರಲಿಲ್ಲ. ನಮ್ಮ ಕಡೆಯ ರೈಲು ಸಣ್ಣ ಗೇಜಿನದು. ಪುಣೆಯಲ್ಲಿ ಅದರ ಹಳಿ ಮುಗಿಯುತ್ತಿತ್ತು. ಮುಂಬಯಿಗೆ ಹೋಗುವುದು ದೊಡ್ಡ ಗೇಜು. ಹೀಗಾಗಿ ಬೆಳಗಾವಿ, ಧಾರವಾಡ, ಲೋಂಡಾದಿಂದ ಮುಂಬಯಿಗೆ ಹೊರಟ ಪ್ರತಿಯೊಂದು ಗಂಟೂ ಪುಣೆಯಲ್ಲಿ ಇಳಿದು, ಪ್ಲಾಟ್‌ಫಾರ್ಮು ದಾಟಿ, ಇನ್ನೊಂದು ಗಾಡಿ ಏರಬೇಕಾಗಿತ್ತು. ಆ ಬದಲಿ ಕೆಲಸ ನಮ್ಮದು. ಬೆಣ್ಣೆಯ ಡಬ್ಬಿ, ವೀಳ್ಯದೆಲೆಯ ಬುಟ್ಟಿ, ಇಳಕಲ್ ಸೀರೆಯ ಗಂಟು, ಬೇಸಿಗೆಯಲ್ಲಿ ಮಾವಿನಹಣ್ಣು. ಇವುಗಳ ಜೊತೆಗೆ ತಿಂಗಳಿಗೊಮ್ಮೆಯೋ ಎರಡು ಸಲವೋ ಮಂಗಗಳು.

ಮಂಗಗಳನ್ನು ಲೋಂಡಾದ ಆಚೆಯ ಕಾಡಿನಲ್ಲಿ ಒಬ್ಬ ಗುತ್ತಿಗೆದಾರ ಹಿಡಿಸುತ್ತಿದ್ದ. ಅವು ಮುಂಬಯಿಯ ಒಂದು ಪ್ರಯೋಗಶಾಲೆಗೆ ಹೋಗುತ್ತಿದ್ದವು, ರೋಗದ ಮದ್ದುಗಳನ್ನು ಪರೀಕ್ಷಿಸಿ ನೋಡುವುದಕ್ಕೆ. ಬಿದಿರ ಪಟ್ಟಿಯ ಪೆಟ್ಟಿಗೆಗಳು, ಒಂದೊಂದರಲ್ಲಿ ಐದಾರು. ಅವುಗಳ ಮೇಲಿನ ಚೀಟಿಯಲ್ಲಿ ಕಳಿಸಿದವನ ಹೆಸರು, ಮುಟ್ಟಬೇಕಾದ ಜಾಗ, ಮತ್ತು 'ಜವಾಬ್ದಾರಿ ಮಾಲಕರದು' ಎಂಬ ಮಾತು. ಅಂದರೆ ದಾರಿಯಲ್ಲಿ ಏನಾದರೂ ರೈಲ್ವೆಗೆ ಸಂಬಂಧವಿಲ್ಲ. ರಾಯರು ಆ ಚೀಟಿಯನ್ನು ಪ್ರತಿ ಸಲ ಪೂರ್ತಿ ಓದುತ್ತಿದ್ದರು. ಒಮ್ಮೆ ನನ್ನ ಕಡೆ ತಿರುಗಿ, "ಮಾಲಕ ಯಾರೋ ತಮ್ಮಾ? ಕಾಡಿನಾಗ ಹಿಡದಾವನೋ, ಮುಂಬಯಿದಾಗ ಕಾಯಕೋತ ಕುಂತಾವನೋ?" ಎಂದು ಕೇಳಿದರು. ತಿಳಿಯದು ಎಂದೆ. "ನನಗೂ ತಿಳೀವಲ್ದು. ಅದಕ್ಕ ಇಲ್ಲಿರೋತನಕ ನಾವ ಅಂತ ಇಟಗೊಳ್ಳೋಣು" ಎಂದರು.

ರಾಯರಿಗೆ ಆಗ ನಲವತ್ತೈದರ ಆಸುಪಾಸು. ತೆಳ್ಳಗೆ, ಉದ್ದಕ್ಕೆ, ಸದಾ ಸ್ವಲ್ಪ ಬಾಗಿದ ಬೆನ್ನು. ಕರಿ ಕೋಟು, ಪಂಚೆ, ಕೆಂಪು ರುಮಾಲು. ಇಷ್ಟು ಹೆದರುವ ಗಂಡಸನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಸದಾಶಿವ ಪೇಠದ ವಾಡೆಯಿಂದ ಹೊರಡುವಾಗ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುತ್ತಿದ್ದರು, ಮನೆಯೊಳಗೆ ವಿಧವೆ ಅಕ್ಕ ಇದ್ದರೂ. ಆ ಅಕ್ಕ ಒಳಗಿನಿಂದ, "ನನ್ನನ್ನ ಯಾರು ಕದಕೊಂಡು ಹೋಗ್ತಾರೋ, ಬೀಗ ತಗೀ, ನೀರಿಗೆ ಹೋಗಬೇಕು" ಎಂದು ಕೂಗುತ್ತಿದ್ದರಂತೆ. ಬೀದಿಯಲ್ಲಿ ನಾಯಿ ಮಲಗಿದ್ದರೆ ರಾಯರು ಸುತ್ತು ಹಾಕಿ ಬರುತ್ತಿದ್ದರು. ನಮ್ಮ ಮೇಲಧಿಕಾರಿ ಸಾಹೇಬನ ಸೈಕಲ್ಲಿನ ಗಂಟೆ ಕೇಳಿದರೆ ಕೂತಲ್ಲೇ ರುಮಾಲು ಸರಿಮಾಡಿಕೊಳ್ಳುತ್ತಿದ್ದರು.

ಇಷ್ಟು ಹೆದರುವವರು ಮಂಗಗಳ ಪೆಟ್ಟಿಗೆ ಬಂದ ದಿನ ಮಾತ್ರ ಬೇರೆ ಮನುಷ್ಯನಾಗುತ್ತಿದ್ದರು. ಹೆದರಿಕೆ ಹೋಗುತ್ತಿತ್ತು ಎಂದಲ್ಲ. ಕೈ ನಡುಗುತ್ತಲೇ ಇರುತ್ತಿತ್ತು. ಆದರೆ ನಡುಗುವ ಕೈಯಲ್ಲೇ ಎಲ್ಲವನ್ನೂ ಮಾಡುತ್ತಿದ್ದರು. ಗಾಡಿ ನಿಲ್ಲುವ ಮೊದಲೇ ಗಾರ್ಡನ ಹತ್ತಿರ ಓಡಿ, "ಬಾಯಿ ಇದ್ದ ಪಾರ್ಸಲ್ ಏನರ ಅವಯೇನ್ರಿ?" ಎಂದು ಕೇಳುತ್ತಿದ್ದರು. ಅವರ ಪ್ರಕಾರ ಪಾರ್ಸಲ್ಲುಗಳಲ್ಲಿ ಎರಡೇ ಜಾತಿ. ಪೆಟ್ಟಿಗೆಗಳನ್ನು ಮರದ ನೆರಳಿಗೆ ತರಿಸುತ್ತಿದ್ದರು. ಒಂದೇ ಸಾಲು, ಒಂದರ ಮೇಲೊಂದು ಇಲ್ಲ, ಎರಡು ಪೆಟ್ಟಿಗೆಗಳ ನಡುವೆ ಒಂದು ಗೇಣು. ಆ ಗೇಣನ್ನು ತಾವೇ ಬೆರಳು ಚಾಚಿ ಅಳೆಯುತ್ತಿದ್ದರು. ಆಮೇಲೆ ಬಿದಿರಿನ ಸಂದಿನಿಂದ ಒಂದು ತಗಡಿನ ಕೊಳವೆಯಲ್ಲಿ ನೀರು. ನೀರು ಹಾಕುತ್ತ ಮಾತು. ನೀರು ಸಾಕೇ, ಯಾಕೆ ಹಿಂಗ ತಳ್ಳಾಡತೀರಿ, ಎಲ್ಲರಿಗೂ ಅದ, ಎಂದು.

"ರಾಯರ, ಅವಕ್ಕ ನಿಮ್ಮ ಮಾತು ತಿಳೀತಾವೇನ್ರಿ?" ಎಂದು ನಾನು ನಕ್ಕಿದ್ದೆ.

"ನಮ್ಮ ಕಡೀವು ಅವ. ಇಲ್ಲಿ ಬಂದ ಮ್ಯಾಲೆ ಬರೇ ಮರಾಠಿ ಕೇಳ್ಯಾವ. ಗಾಬರಿ ಆಗಿರತಾವ" ಎಂದರು. ತಮಾಷೆಗೆ ಹೇಳಿದರೋ ನಿಜವಾಗಿಯೋ ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಲಗೇಜಿನ ಬಾಬು ಒಬ್ಬನಿದ್ದ, ಅವನೂ ನಮ್ಮ ಬೆಳಗಾವಿಯ ಕಡೆಯವನೇ. ಎಲ್ಲರೆದುರು ರಾಯರನ್ನು ಕೆಣಕುವುದು ಅವನಿಗೆ ಖುಷಿ. "ರಾಯರ, ನಾಳೆ ಮುಂಬಯಿದಾಗ ಸಾಯೋ ಮಂಗ್ಯಾಕ ಇವತ್ತು ಪುಣೆದಾಗ ನೀರು ಯಾಕ್ರಿ?"

ರಾಯರು ಕೊಳವೆಯಿಂದ ಕಣ್ಣು ತೆಗೆಯದೆ, "ನೀವೂ ಸಾಯೋವರ ಅದೀರಿ. ದಿನಾ ನಾಲ್ಕಕ್ಕ ಚಹಾ ಯಾಕ ಕುಡೀತೀರಿ?" ಎಂದರು. ಹಮಾಲರೆಲ್ಲ ನಕ್ಕರು. ಕನ್ನಡ ಬರದ ಧೋಂಡಿಬಾ ಎಂಬ ಹಿರಿಯ ಹಮಾಲ ಅದನ್ನು ಮರಾಠಿಯಲ್ಲಿ ಹೇಳಿಸಿಕೊಂಡು ಎರಡನೆಯ ಸಲ ನಕ್ಕ. ಈ ಧೋಂಡಿಬಾ ಮಂಗಗಳ ಪೆಟ್ಟಿಗೆ ಮುಟ್ಟುವ ಮೊದಲು ಎರಡೂ ಕೈ ಹಣೆಗೆ ಹಚ್ಚಿ ಮಾರುತಿಗೆ ಕೈ ಮುಗಿಯುತ್ತಿದ್ದ. ಶನಿವಾರವಾದರೆ ಮುಟ್ಟುತ್ತಲೇ ಇರಲಿಲ್ಲ.

ಇದೆಲ್ಲ ನೋಡಿ ನನಗೂ ಒಳಗೆ ಕೊರೆಯುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟೆ. "ರಾಯರ, ಇಷ್ಟು ಕರುಣೆ ಇದ್ದವರು ಕಳಿಸೋದರ ಯಾಕ್ರಿ? ಬುಕ್ ಮಾಡೂದಿಲ್ಲ ಅಂತ ಹೇಳಬಾರದೇನ್ರಿ? ಪಾಪ ಅಲ್ಲೇನ್ರಿ ಇದು?"

ಅವರು ಕೋಟಿನ ತೋಳನ್ನು ಮೇಲೆ ಸರಿಸಿ ತೋರಿಸಿದರು. ಅಲ್ಲಿ ನನಗೇನೂ ಕಾಣಲಿಲ್ಲ. "ಪ್ಲೇಗು ಬಂದಾಗ ಇಲ್ಲೆ ಚುಚ್ಚಿಸಿಕೊಂಡೆ. ಊರೆಲ್ಲ ಅಂಜಿತ್ತು, ಆ ಸೂಜಿಯೊಳಗ ಏನೇನೋ ಅದ ಅಂತ. ನಾನೂ ಅಂಜಿದ್ದೆ. ನನ್ನ ಅಂಜಿಕಿ ಪ್ಲೇಗಿನ ಕಡೆ ಜಾಸ್ತಿ ಇತ್ತು, ಅದಕ್ಕ ಹೋದೆ. ನಮ್ಮಾಕಿ ಅಂಜಿಕಿ ಸೂಜಿ ಕಡೆ ಜಾಸ್ತಿ ಇತ್ತು. ಬರಲಿಲ್ಲ." ಇಷ್ಟು ಹೇಳಿ ತೋಳು ಇಳಿಸಿಕೊಂಡರು. "ಆ ಮದ್ದನ್ನ ನನಗ ಚುಚ್ಚೋ ಮೊದಲ ಯಾವುದೋ ಪ್ರಾಣಿಗೆ ಚುಚ್ಚಿರತಾರ. ಅದು ಎಲ್ಲಿಂದಲೋ ಪೆಟ್ಟಿಗ್ಯಾಗ ಬಂದಿರತದ. ಹಿಂಗಿದ್ದಾಗ ಕಳಿಸೂದಿಲ್ಲ ಅಂತ ಯಾವ ಬಾಯಿಲೆ ಹೇಳಲಿ? ಅಲ್ಲಿ ಸತ್ತರ ಯಾರಿಗರ ಉಪಯೋಗಕ್ಕ ಬರತದ. ಇಲ್ಲಿ, ನಮ್ಮ ಗಡಿಬಿಡಿಗೆ, ನಮ್ಮ ಮೈಗಳ್ಳತನಕ್ಕ ಸತ್ತರ ಯಾರಿಗೂ ಬರೂದಿಲ್ಲ. ಅದಕ್ಕ ಮಾತ್ರ ನಾ ಅಂಜತೀನಿ."

ಅವರು ಹೇಳಿದ್ದು ಪೂರ್ತಿ ಸರಿಯೇ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ಮಂಗಗಳನ್ನು ಕೇಳಿದ್ದರೆ ಬೇರೆಯೇ ಹೇಳುತ್ತಿದ್ದವೇನೋ. ಆದರೆ ತಾನು ನಿಂತ ಜಾಗದಲ್ಲಿ ತನ್ನ ಪಾಲಿಗೆ ಎಷ್ಟು ಬರುತ್ತದೆ ಎಂದು ಅಷ್ಟು ನಿಚ್ಚಳವಾಗಿ ಅಳೆದವರನ್ನು ನಾನು ಮತ್ತೆ ಕಾಣಲಿಲ್ಲ.

ಇನ್ನು ನನ್ನ ವಿಷಯ. ಪಾರ್ಸಲ್ ಕೆಲಸದಲ್ಲಿ ನಾನು ಬೇಗ ಜಾಣನಾದೆ. ವೀಳ್ಯದೆಲೆಯ ಬುಟ್ಟಿಗಳಲ್ಲಿ ನನ್ನಂಥ ಕೈ ಯಾರಿಗೂ ಇರಲಿಲ್ಲ. ಎಲೆ ಬಾಡದೆ ಮುಂಬಯಿ ಮುಟ್ಟಬೇಕಾದರೆ ಬುಟ್ಟಿಗಳನ್ನು ಸಂದಿಲ್ಲದಂತೆ ಒತ್ತಾಗಿ ಒಂದರ ಮೇಲೊಂದು ಪೇರಿಸಬೇಕು, ಮೇಲೆ ಗೋಣಿತಟ್ಟು ಹೊದಿಸಬೇಕು, ಗೋಣಿ ಜಿನುಗುವ ಹಾಗೆ ನೀರು ಹೊಡೆಯಬೇಕು. ಗಾಳಿ ಆಡಿದರೆ ಎಲೆ ಕೆಟ್ಟಿತು. ನಾನು ಪೇರಿಸಿದ ಎಲೆ ಘಟ್ಟ ಇಳಿದು, ಸುರಂಗಗಳ ಹೊಗೆ ದಾಟಿ, ಹಸಿರಾಗಿಯೇ ಹೋಗುತ್ತಿತ್ತು. ವ್ಯಾಪಾರಿಗಳು ನನ್ನ ಸರದಿ ನೋಡಿಕೊಂಡು ಎಲೆ ಕಳಿಸುತ್ತಿದ್ದರು. ಆ ಹೆಮ್ಮೆ ನನ್ನಲ್ಲಿ ಚೆನ್ನಾಗಿ ಬೇರು ಬಿಟ್ಟಿತ್ತು.

ಮಂಗಗಳ ಕಡೆ ಮಾತ್ರ ನಾನು ಹೋಗುತ್ತಿರಲಿಲ್ಲ. ನೀರು ಹಾಕು ಎಂದರೆ ಏನಾದರೂ ನೆವ ತೆಗೆಯುತ್ತಿದ್ದೆ. ಅವು ಕೂಗಿದರೆ, ಹಲ್ಲು ತೋರಿಸಿದರೆ ನನಗೇನೂ ಆಗುತ್ತಿರಲಿಲ್ಲ. ಕೂಗಿ ಕೂಗಿ ಸುಮ್ಮನಾದ ಮೇಲೆ ಬಿದಿರಿನ ಸಂದಿನಿಂದ ಕೈಗಳು ಹೊರಗೆ ಬರುತ್ತಿದ್ದವು. ಸಣ್ಣ ಕರಿ ಬೆರಳುಗಳು, ಉಗುರು, ಅಂಗೈಯಲ್ಲಿ ಗೆರೆ. ಯಾವುದನ್ನೋ ಹಿಡಿಯಲು ಚಾಚಿರುತ್ತಿರಲಿಲ್ಲ, ಸುಮ್ಮನೆ ಹೊರಗಿರುತ್ತಿದ್ದವು. ಅದನ್ನು ನೋಡಿದರೆ ನನ್ನ ಬೆನ್ನಿನಲ್ಲಿ ಚಳಿ ಏಳುತ್ತಿತ್ತು.

ಅದು ನನ್ನ ಕೆಲಸದ ಮೂರನೆಯ ಬೇಸಿಗೆ, ಮೇ ತಿಂಗಳು. ಆ ದಿನ ರಾಯರ ಹೆಂಡತಿಯ ಶ್ರಾದ್ಧ. ಮಾವಿನ ಸುಗ್ಗಿಯಲ್ಲಿ ಯಾರಿಗೂ ರಜೆ ಇಲ್ಲ ಎಂದು ಸಾಹೇಬ ಮೊದಲೇ ಸಾರಿದ್ದ. ರಾಯರಿಗೆ ಕೇಳಲೂ ಹೆದರಿಕೆ, ಶ್ರಾದ್ಧ ಬಿಡಲೂ ಹೆದರಿಕೆ. ಅಂದು ಮಂಗಗಳ ಹನ್ನೆರಡು ಪೆಟ್ಟಿಗೆ ಬರುತ್ತವೆಂದು ಲೋಂಡಾದಿಂದ ತಂತಿ ಬಂದಿತ್ತು. ಬದಲಿಯ ಕಾಗದ ಎಂದು ಒಂದಿರುತ್ತಿತ್ತು. ಎಷ್ಟು ನಗ, ಅಂದರೆ ಎಷ್ಟು ಪೆಟ್ಟಿಗೆ-ಗಂಟು ಬಂತು, ಯಾವ ಸ್ಥಿತಿಯಲ್ಲಿ ಮುಂದಿನ ಗಾಡಿಗೆ ಏರಿಸಿದೆವು ಎಂದು ಬರೆದು ಸಹಿ ಹಾಕಿ ಗಾರ್ಡನಿಗೆ ಕೊಡುವುದು. ರಾಯರು ಆ ಖಾಲಿ ಕಾಗದದ ಕೆಳಗೆ ತಮ್ಮ ಸಣ್ಣ ಸಹಿ ಮಾಡಿ ನನ್ನ ಕೈಗಿಟ್ಟರು. ಅಷ್ಟು ವರ್ಷದ ಕೆಲಸದಲ್ಲಿ ಅವರು ಮುರಿದ ಒಂದೇ ಕಾಯಿದೆ ಅದು. ಅಂಥವರು ಅದನ್ನು ನನ್ನ ಮೇಲಿನ ಭರವಸೆಯಿಂದ ಮುರಿದರು.

"ಮೂರು ತಾಸಿನೊಳಗ ಬರತೀನಿ. ಗಾಡಿ ಮೊದಲ ಬಂತಂದ್ರ ಎಣಿಸಿ ಬರಕೋ. ನೀರು ಹಾಕು. ಒಂದ ಸಾಲು, ಗೇಣು ಬಿಡು. ಏನರ ಆಗಲಿ, ಬಟ್ಟಿ ಹೊದಿಸಬ್ಯಾಡ." ಎರಡು ಹೆಜ್ಜೆ ಹೋಗಿ ತಿರುಗಿ ಬಂದರು. "ವ್ಯಾನಿನಾಗ ಜಾಗ ಇಲ್ಲಂದ್ರ ಇಲ್ಲೇ ಇರಲಿ, ನಾಳೆ ಕಳಸೋಣು. ಬೈಸಿಕೊಳ್ಳಾಕ ನಾ ಅದೀನಿ."

ದಕ್ಷಿಣದ ಗಾಡಿ ಒಂದೂವರೆ ತಾಸು ತಡವಾಗಿ ಹನ್ನೆರಡೂವರೆಗೆ ಬಂತು. ಮುಂಬಯಿ ಗಾಡಿ ಹೊರಡಲು ಮುಕ್ಕಾಲು ತಾಸೂ ಇರಲಿಲ್ಲ. ಪ್ಲಾಟ್‌ಫಾರ್ಮಿನ ಕಲ್ಲು ಕಾದು ಚಪ್ಪಲಿಯ ಒಳಗೂ ಸುಡುತ್ತಿತ್ತು. ಮುಂಬಯಿ ಗಾಡಿಯ ವ್ಯಾನಿನಲ್ಲಿ ಆಗಲೇ ಮಾವಿನ ಬುಟ್ಟಿ ತುಂಬಿ ಒಂದು ಮೂಲೆ ಮಾತ್ರ ಉಳಿದಿತ್ತು. ಗಾರ್ಡ್ ಗಡಿಯಾರ ತೋರಿಸುತ್ತ ಬೈಯುತ್ತಿದ್ದ. ನಾಳೆ ಕಳಿಸುತ್ತೇವೆ ಎಂದು ಹೇಳುವುದಕ್ಕೆ ನನಗೆ ಧೈರ್ಯ ಬರಲಿಲ್ಲ. ನಾಳೆ ಎಂದರೆ ಸಾಹೇಬ ಕೇಳುತ್ತಾನೆ, ರಾಯರು ಎಲ್ಲಿ ಎಂಬ ಮಾತು ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹನ್ನೆರಡು ಪೆಟ್ಟಿಗೆಗಳನ್ನು ಆ ಮೂಲೆಗೆ ಸಾಗಿಸಿದೆ. ಒಂದೇ ಸಾಲು ಸಾಧ್ಯವಿರಲಿಲ್ಲ. ನನಗೆ ಬರುವ ಹಾಗೆ ಪೇರಿಸಿದೆ. ಎರಡು ಅಂತಸ್ತು, ಒತ್ತಾಗಿ.

ಕೊನೆಯ ಪೆಟ್ಟಿಗೆ ಒತ್ತುವಾಗ ಒಂದು ಕೈ ಬಂದು ನನ್ನ ಬೆರಳು ಹಿಡಿಯಿತು. ಪರಚಲಿಲ್ಲ, ಎಳೆಯಲಿಲ್ಲ. ಸಂತೆಯಲ್ಲಿ ಮಗು ಹಿಡಿದುಕೊಳ್ಳುತ್ತದಲ್ಲ, ಹಾಗೆ ಹಿಡಿದುಕೊಂಡಿತು. ಬಿಸಿಯಾಗಿತ್ತು. ನಾನು ಕೈ ಜಗ್ಗಿದರೆ ಬಿಡಲಿಲ್ಲ. ಒಳಗೆ ನೋಡಿದರೆ ಅದರ ಹೊಟ್ಟೆಗೆ ಇನ್ನೊಂದು ಸಣ್ಣದು ಅಂಟಿಕೊಂಡಿತ್ತು. ನನಗೆ ಏನಾಯಿತೋ, ಜೋರಾಗಿ ಕಿತ್ತುಕೊಂಡೆ. ಕೆಳಗಿಳಿದು ಎಲೆ ಬುಟ್ಟಿಗೆಂದು ನೆನೆಸಿಟ್ಟಿದ್ದ ಗೋಣಿತಟ್ಟುಗಳನ್ನು ಎತ್ತಿಕೊಂಡು ಬಂದು ಎಲ್ಲ ಪೆಟ್ಟಿಗೆಗಳ ಮೇಲೆ, ಮುಂದೆ, ಪಕ್ಕಕ್ಕೆ ಹೊದಿಸಿದೆ. ಮೇಲೆ ಎರಡು ಬಕೆಟ್ ನೀರು ಹೊಡೆದೆ.

ಧೋಂಡಿಬಾ ವ್ಯಾನಿನ ಬಾಗಿಲಲ್ಲಿ ನಿಂತಿದ್ದ. ನನಗೆ, "ಅಹೋ, ಝಾಕೂ ನಕಾ" ಎಂದ. ಮುಚ್ಚಬೇಡಿ ಎಂದು. ನಾನು ತಂಪಿಗೆ ಎಂದೆ. ಅವನು ಇನ್ನೊಮ್ಮೆ ಅದನ್ನೇ ಹೇಳಿದ. ನಾನು ಗದರಿಸಿದೆ. ಗೋಣಿಯ ಕೆಳಗೆ ಸದ್ದು ನಿಂತಿತು. ಸದ್ದು ನಿಂತಿತಲ್ಲ, ತಂಪಾಯಿತು ಎಂದುಕೊಂಡೆ. ರಾಯರ ಸಹಿಯ ಮೇಲೆ 'ಹನ್ನೆರಡು ನಗ, ಎಲ್ಲ ಜೀವಂತ, ನೀರು ಕೊಡಲಾಗಿದೆ' ಎಂದು ಬರೆದು ಗಾರ್ಡನ ಕೈಗಿತ್ತೆ. ನೀರನ್ನು ಗೋಣಿಯ ಮೇಲೆ ಸುರಿದಿದ್ದೆ, ಒಳಕ್ಕೆ ಒಂದು ಹನಿಯೂ ಹಾಕಿರಲಿಲ್ಲ.

ಮೂರಕ್ಕೆ ರಾಯರು ಬಂದರು. ಹಣೆಯ ಗಂಧ ಬೆವರಿಗೆ ಇಳಿದಿತ್ತು. ದರ್ಭೆಯ ಪವಿತ್ರವನ್ನು ಬೆರಳಿನಿಂದ ತೆಗೆಯಲು ಮರೆತಿದ್ದರು. "ಗೇಣು ಬಿಟ್ಟೇನು?" ಎಂದು ಮೊದಲ ಮಾತಿಗೇ ಕೇಳಿದರು.

"ಬಿಟ್ಟೀನ್ರಿ" ಎಂದೆ.

ಮರುದಿನ ಮುಂಬಯಿಯಿಂದ ತಂತಿ. ಅದರ ಹಿಂದೆ ಪ್ರಯೋಗಶಾಲೆಯ ಡಾಕ್ಟರನ ಕಾಗದ. ಗೋಣಿ ತೆಗೆದಾಗ ಮೇಲಿನ ಅಂತಸ್ತಿನಲ್ಲಿ ಕೆಲವು ಉಸಿರಾಡುತ್ತಿದ್ದವಂತೆ. ಕೆಳಗಿನ ಆರು ಪೆಟ್ಟಿಗೆಗಳಲ್ಲಿ ಒಂದೂ ಉಳಿದಿರಲಿಲ್ಲ. ಉಳಿದವೂ ಯಾವ ಉಪಯೋಗಕ್ಕೂ ಬರುವಂತಿಲ್ಲ ಎಂದು ಬರೆದಿದ್ದ. ರಾಯರು ಆ ಕಾಗದವನ್ನು ನಿಂತುಕೊಂಡೇ ಓದಿದರು. 'ಯಾವ ಉಪಯೋಗಕ್ಕೂ' ಎಂಬಲ್ಲಿಗೆ ಬಂದಾಗ ಅವರ ಬೆರಳು ಅಲ್ಲೇ ನಿಂತಿತು. ಮೇಜಿನ ಅಂಚು ಹಿಡಿದು ಕೂತರು.

ಜವಾಬ್ದಾರಿ ಮಾಲಕರದೇ ಆಗಿದ್ದರೂ, ಬದಲಿಯ ಕಾಗದದಲ್ಲಿ ಸುಳ್ಳು ಬರೆದದ್ದಕ್ಕೆ ನಾಲ್ಕನೆಯ ದಿನ ವಿಚಾರಣೆ. ಸಾಹೇಬನ ಕೋಣೆಯಲ್ಲಿ ನಾವು ಮೂವರೇ. ಆ ನಾಲ್ಕು ದಿನ ನನಗೆ ಅನ್ನ ಇಳಿದಿರಲಿಲ್ಲ. ನೌಕರಿ ಹೋದರೆ ಧಾರವಾಡಕ್ಕೆ ಯಾವ ಮುಖ ತೋರಿಸಲಿ, ಮದುವೆಗೆ ಮಾತು ನಡೆದಿದೆ, ಅಪ್ಪ ಊರಿಗೆಲ್ಲ ಹೇಳಿಕೊಂಡಿದ್ದಾರೆ. ಸಾಹೇಬ ಬದಲಿಯ ಕಾಗದ ಎತ್ತಿ ಹಿಡಿದು, ಇದು ನಿಮ್ಮ ಸಹಿಯೇ ಎಂದು ರಾಯರನ್ನು ಕೇಳಿದ. ನನ್ನದು ಎಂದರು. ಆಮೇಲೆ ನನ್ನ ಕಡೆ ತಿರುಗಿ, ಪೆಟ್ಟಿಗೆಗಳನ್ನು ಹಾಗೆ ಪೇರಿಸಿ ಗೋಣಿ ಹೊದಿಸಲು ಇವರೇ ಹೇಳಿದರೇ ಎಂದು ಕೇಳಿದ.

ನಾನು ಹೌದು ಎಂದೆ.

ಇಂಗ್ಲಿಷಿನಲ್ಲಿ ಒಂದೇ ಶಬ್ದ. ಅದು ಸರಿಯಾಗಿ ಕೇಳಿಸಲಿಲ್ಲ. ಸಾಹೇಬ ಇನ್ನೊಮ್ಮೆ ಹೇಳಿಸಿದ. ಎರಡನೆಯ ಸಲ ಗಟ್ಟಿಯಾಗಿ ಹೇಳಿದೆ.

ರಾಯರು ನನ್ನನ್ನು ನೋಡಲಿಲ್ಲ. ತಾವು ಆ ಹೊತ್ತಿನಲ್ಲಿ ಸ್ಟೇಷನ್ನಿನಲ್ಲೇ ಇರಲಿಲ್ಲ ಎಂದು ಹೇಳಬಹುದಾಗಿತ್ತು. ಪುರೋಹಿತರಿದ್ದರು, ಅಕ್ಕ ಇದ್ದರು, ಸಾಕ್ಷಿಗೆ ಬಡತನವಿರಲಿಲ್ಲ. ರಜೆಯಿಲ್ಲದೆ ಹೋದದ್ದಕ್ಕೆ ಶಿಕ್ಷೆ ಆಗುತ್ತಿತ್ತು, ಆದರೆ ನೌಕರಿ ಉಳಿಯುತ್ತಿತ್ತು. ಅವರು ಹೇಳಲಿಲ್ಲ. ಹೆದರಿ ಹೇಳಲಿಲ್ಲವೋ, ನನ್ನನ್ನು ಉಳಿಸಲು ಹೇಳಲಿಲ್ಲವೋ, ಸಹಿ ಮಾಡಿದ ಮೇಲೆ ಸಾವು ತನ್ನದೇ ಎಂದು ತಿಳಿದರೋ, ನಾನು ಇಷ್ಟು ವರ್ಷ ಯೋಚಿಸಿಯೂ ತೀರ್ಮಾನಕ್ಕೆ ಬಂದಿಲ್ಲ. "ಸಹಿ ನನ್ನದು" ಎಂದು ಇನ್ನೊಮ್ಮೆ ಹೇಳಿದರು, ಅಷ್ಟೇ. ಧೋಂಡಿಬಾನನ್ನು ಯಾರೂ ಕರೆಯಲಿಲ್ಲ. ಹಮಾಲರನ್ನು ಕರೆದು ಕೇಳುವ ಪದ್ಧತಿ ಇರಲಿಲ್ಲ.

ಅವರನ್ನು ಕೆಲಸದಿಂದ ತೆಗೆದರು.

ಕೊನೆಯ ದಿನ ಅವರು ತಮ್ಮ ಮೇಜಿನ ಕೆಳಗಿದ್ದ ತಗಡಿನ ಕೊಳವೆಯನ್ನು ತೊಳೆದು, ಒರೆಸಿ, ನನ್ನ ಮುಂದೆ ಇಟ್ಟರು. ಮಧ್ಯಾಹ್ನ, ಆಫೀಸಿನಲ್ಲಿ ಬೇರೆ ಯಾರೂ ಇರಲಿಲ್ಲ.

"ತಮ್ಮಾ, ಒಂದು ಕೇಳತೀನಿ. ಹೊದಿಸಿದ್ದು ಯಾಕ?"

"ತಂಪಿಗೆ ಅಂತ್ರಿ, ರಾಯರ. ಭಾಳ ಬಿಸಲಿತ್ತು. ಎಲಿ ಬುಟ್ಟಿಗೆ ಮಾಡಿದಂಗ."

"ಹೌದಾ." ಕೊಳವೆಯ ಬಾಯನ್ನು ಬೆರಳಿನಿಂದ ಇನ್ನೊಮ್ಮೆ ಒರೆಸಿದರು. ಆಮೇಲೆ ಬಹಳ ಮೆಲ್ಲಗೆ, "ಕೈ ಹಿಡದಿತ್ತೇನು?"

"ಇಲ್ರಿ" ಎಂದೆ.

"ನನಗ ಹಿಡದಿತ್ತು. ಮೊದಲನೇ ವರ್ಷ. ನಾನೂ ನೋಡಲಾರದ ನನ್ನ ಶಾಲು ಹೊದಿಸಿಬಿಟ್ಟಿದ್ದೆ. ಒಂದ ಪೆಟ್ಟಿಗಿ ಇತ್ತು, ದೇವರ ದಯಾ, ಮುಂದಿನ ಸ್ಟೇಷನ್ನಿನ ಹುಡುಗ ಒಬ್ಬ ತಗದ." ಕೊಡೆ ಎತ್ತಿಕೊಂಡರು. "ನಮಗ ಕಾಣಬಾರದಂತ ಹೊದಸತೀವಿ. ಅವಕ್ಕ ಬಿಸಲ ಆಗತದಂತ ಹೇಳತೀವಿ. ಅಂಜಿದ್ದೆ ಅಂದಿದ್ದರ ನಾ ಏನೂ ಅಂತಿದ್ದಿಲ್ಲ."

ಆಗಲಾದರೂ ಹೇಳಬಹುದಾಗಿತ್ತು. ಬಾಗಿಲವರೆಗೆ ಹತ್ತು ಹೆಜ್ಜೆ ಇತ್ತು. ಅವರು ಆ ಹತ್ತು ಹೆಜ್ಜೆಗಳನ್ನು ನಿಧಾನವಾಗಿಯೇ ನಡೆದರು.

ಆಮೇಲಿನ ಮೂವತ್ತು ವರ್ಷದ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. ಧೋಂಡಿಬಾ ಇದ್ದಷ್ಟು ದಿನ ನನ್ನೊಂದಿಗೆ ಕೆಲಸದ ಮಾತು ಬಿಟ್ಟು ಒಂದು ಮಾತೂ ಆಡಲಿಲ್ಲ. ಅವನು ಯಾರೊಡನೆ ನಿಂತು ಮಾತಾಡಿದರೂ ನಾನು ಕೆಲಸ ಬಿಟ್ಟು ಅತ್ತ ಕಿವಿಗೊಡುತ್ತಿದ್ದೆ. ಪುಣೆಯ ಪೇಠಗಳಲ್ಲಿ ಹೆಜ್ಜೆಗೊಂದು ಮಾರುತಿಯ ಗುಡಿ. ತಪ್ಪಿಸಿ ನಡೆಯಬೇಕೆಂದರೆ ದಾರಿಯೇ ಇಲ್ಲ. ತಲೆ ತಗ್ಗಿಸಿ ದಾಟುತ್ತಿದ್ದೆ. ಹೆಂಡತಿ ಅದನ್ನು ಭಕ್ತಿ ಎಂದು ತಿಳಿದಿದ್ದಳು. ಮಂಗಗಳು ಬರುವುದು ನಿಲ್ಲಲಿಲ್ಲ. ಆ ಕೊಳವೆ ಹಿಡಿದು ನಾನೇ ನೀರು ಹಾಕಿದೆ. ಒಂದೇ ಸಾಲು, ಗೇಣು, ಬಟ್ಟೆ ಇಲ್ಲ. ಪ್ರತಿ ಸಲವೂ ಹೆದರಿಕೊಂಡೇ ಮಾಡಿದೆ. ನನ್ನ ಕೈಕೆಳಗೆ ಬಂದ ಹುಡುಗರಿಗೂ ಅದನ್ನೇ ಕಲಿಸಿದೆ. ಯಾರು ಕಲಿಸಿದ್ದು ಎಂದು ಮಾತ್ರ ಹೇಳಲಿಲ್ಲ. ನಾನು ನಿವೃತ್ತನಾದ ದಿನ ಶಾಲು ಹೊದಿಸಿ ಮಾತಾಡಿದ ತರುಣ ಕ್ಲಾರ್ಕು, ಮೂಕ ಪ್ರಾಣಿಗಳಿಗೆ ಗೇಣು ಬಿಡುವ ಈ ಪದ್ಧತಿ ನಮ್ಮ ಸ್ಟೇಷನ್ನಿಗೆ ಇವರ ಕೊಡುಗೆ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದೆ. ಅದೂ ನನ್ನ ಲೆಕ್ಕಕ್ಕೇ ಸೇರಲಿ.

ಇನ್ನೊಂದು ಉಳಿದಿದೆ. ಅದನ್ನು ಬರೆಯದೆ ಬಿಡಬಹುದಾಗಿತ್ತು. ಅದು ಯಾರಿಗೂ ಗೊತ್ತಿಲ್ಲ, ರಾಯರಿಗೂ ಗೊತ್ತಿರಲಿಲ್ಲ.

ಅವರನ್ನು ತೆಗೆದು ಹದಿನೈದು ವರ್ಷವಾದ ಮೇಲೆ, ತಂಗಿಯ ಮಗಳ ಮದುವೆಗೆಂದು ನಾನು ಗದಗಿನ ಆಚೆ ಹೊರಟಿದ್ದೆ. ಮತ್ತೆ ಬೇಸಿಗೆ, ಮಧ್ಯಾಹ್ನ. ಗಾಡಿ ಒಂದು ಸಣ್ಣ ಸ್ಟೇಷನ್ನಿನಲ್ಲಿ ನಿಂತಿತು. ಪ್ಲಾಟ್‌ಫಾರ್ಮಿನ ಬೇವಿನ ಮರದ ಕೆಳಗೆ ಅರವಟ್ಟಿಗೆ ಇಟ್ಟಿದ್ದರು. ಬೇಸಿಗೆಯಲ್ಲಿ ದಾರಿಹೋಕರಿಗೆ ಪುಣ್ಯಕ್ಕೆಂದು ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ಒಬ್ಬ ಮುದುಕರು ತಾಮ್ರದ ಬಿಂದಿಗೆ, ತಂಬಿಗೆ ಹಿಡಿದು ಗಾಡಿಯ ಡಬ್ಬಿಯಿಂದ ಡಬ್ಬಿಗೆ, ಕಿಟಕಿಯಿಂದ ಕಿಟಕಿಗೆ ಬರುತ್ತಿದ್ದರು. ಬಾಗಿದ ಬೆನ್ನು. ರುಮಾಲು ಮಾಸಿತ್ತು. ಕೈ ನಡುಗಿ ನೀರು ತುಳುಕುತ್ತಿತ್ತು.

ನಾಲ್ಕು ಕಿಟಕಿಯ ಆಚೆ ಇದ್ದಾಗ ಗುರುತು ಹಿಡಿದೆ. ಮೂರನೆಯ ಕಿಟಕಿಗೆ ಬರುವಷ್ಟರಲ್ಲಿ ನನ್ನ ಕಿಟಕಿಯ ಮರದ ಬಾಗಿಲನ್ನು ಕೆಳಗೆ ಎಳೆದೆ. ಡಬ್ಬಿಯಲ್ಲಿ ನಾನೊಬ್ಬನೇ. ಪಟ್ಟಿಗಳ ನಡುವಿನ ಸಂದಿನಿಂದ ಬಿಸಿಲು ಗೆರೆಗೆರೆಯಾಗಿ ನನ್ನ ತೊಡೆಯ ಮೇಲೆ ಬಿದ್ದಿತ್ತು. ಗೆರೆಗಳು ಕಪ್ಪಾದವು. ಅವರು ಬಂದು ನಿಂತಿದ್ದರು.

"ನೀರು ಬೇಕೇನ್ರಿ?"

ನಾನು ಉಸಿರು ಹಿಡಿದೆ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಆ ದಿನ ನನಗೆ ನಿಜಕ್ಕೂ ನೀರು ಬೇಕಾಗಿತ್ತು.

ಮರದ ಮೇಲೆ ಬೆರಳಿನಿಂದ ಎರಡು ಸಲ ಮೆಲ್ಲಗೆ ಬಡಿದರು. "ಒಳಗ ಯಾರೋ ಅದೀರಿ. ಬಾಗಿಲಾ ಈಗ ಇಳೀತು, ನೋಡಿದೆ."

ಇಂಜಿನ್ ಸೀಟಿ ಹೊಡೆಯಿತು. ಅವರು ಮುಂದಿನ ಕಿಟಕಿಗೆ ಹೋಗಲಿಲ್ಲ.

"ಬ್ಯಾಡಾದ್ರ ಬ್ಯಾಡ ಅನ್ರಿ" ಎಂದರು. "ಅಷ್ಟಂದ್ರ ಸಾಕು, ನಾ ಹೋಗತೀನಿ."

ಗಾಡಿ ಜಗ್ಗಿ ಹೊರಟಿತು. ಅವರು ಪಕ್ಕದಲ್ಲೇ ನಡೆದು ಬರುತ್ತಿದ್ದ ಸದ್ದು, ಬಿಂದಿಗೆಯ ನೀರು ತುಳುಕುವ ಸದ್ದು ಪ್ಲಾಟ್‌ಫಾರ್ಮು ಮುಗಿಯುವ ತನಕ ಕೇಳುತ್ತಿತ್ತು. ನಾನು ಬಾಯಿ ತೆರೆಯಲಿಲ್ಲ.